ಅವ್ವನ ಮಂಚದ ಮೇಲಿನ ಮಣ್ಣು

ಮಾಳಿಗೆಯ ಮೇಲೆ ನಿಂತು ಗೌಂಡಿ ಕಾಕಾ ಕಬ್ಬಿಣದ ಹಾರಿ ಎತ್ತಿ ಹಾಕಿದರು. ಅರ್ಧ ಅಡಿ ಇಳಿಯಿತು. ಇನ್ನೊಂದು ಸಲ ಹಾಕಿದರು, ಒಂದು ಅಡಿ. ಮೂರನೇ ಸಲಕ್ಕೆ ಕೆಳಗಿನ ಹಲಗೆಗೆ ತಾಗಿ 'ಠಕ್' ಅಂದಿತು. ಹಾರಿಗೆ ಅಂಟಿದ ಮಣ್ಣಿನ ಗುರುತಿನ ತನಕ ನಾನು ಟೇಪು ಹಿಡಿದೆ. ಒಂದೂವರೆ ಅಡಿ.

ಅವ್ವ ಕೆಳಗೆ ಬೆಳಕಿಂಡಿಯ ಬುಡದಲ್ಲಿ ನಿಂತು ಮುಖ ಮೇಲೆತ್ತಿ ಕೂಗಿದಳು. "ಏ ತಮ್ಮಾ, ಮಾಳಗಿಗಿ ತೂತು ಹಾಕಬ್ಯಾಡ್ರೋ! ಮಳಿ ಬಂದ್ರ ಸೋರ್ತದ."

ಅವಳ ಚಿಂತೆ ಸೋರುವುದು. ನನ್ನ ಚಿಂತೆ ಬೇರೆ. ಆ ಒಂದೂವರೆ ಅಡಿ ಮಣ್ಣಿನ ನೇರ ಕೆಳಗೆ ಅವಳ ಮಂಚ ಇತ್ತು.

ಇದು 2021ರ ದೀಪಾವಳಿಯ ಮಾತು. ಆ ಅಕ್ಟೋಬರಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ, ಗಡಿಕೇಶ್ವರ ಎಂಬ ಊರಿನ ಸುತ್ತ, ನೆಲ ಮತ್ತೆ ಮತ್ತೆ ನಡುಗಿತ್ತು. ಅಕ್ಟೋಬರ್ 11ರ ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಆದದ್ದು ಎಲ್ಲಕ್ಕಿಂತ ದೊಡ್ಡದು, 4.1 ತೀವ್ರತೆ. ಜನ ಮನೆ ಬಿಟ್ಟು ಬಯಲಿಗೆ ಬಂದರು. ಎಷ್ಟೋ ಕುಟುಂಬ ಊರು ಬಿಟ್ಟು ನೆಂಟರ ಮನೆ ಸೇರಿದವು. ಮಳೆ ಜಾಸ್ತಿಯಾಗಿ ನೀರು ಕೆಳಗಿನ ಬಂಡೆಯ ಸೀಳುಗಳಿಗೆ ಇಳಿದಾಗ ಇಂಥ ಸಣ್ಣ ಕಂಪನ ಆಗುತ್ತವೆ, ಹೆದರಬೇಡಿ ಎಂದು ವಿಜ್ಞಾನಿಗಳು ಹೇಳಿದರು. ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಅದನ್ನೆಲ್ಲ ಫೋನಿನಲ್ಲಿ ನೋಡಿದೆ. ನಮ್ಮೂರು ಇರುವುದು ಆಳಂದದ ಕಡೆ, ಚಿಂಚೋಳಿ ಪಕ್ಕದಲ್ಲೇನೂ ಅಲ್ಲ. ಆದರೂ ಅವ್ವನಿಗೆ ಫೋನ್ ಮಾಡಿದೆ.

"ಇಲ್ಲೇನೂ ಆಗಿಲ್ಲ ಬಿಡು. ಮತ್ತ ನಮ್ಮ ಮನಿಗಿ ಏನಾಗ್ತದ? ಎರಡೂವರಿ ಅಡಿ ಗ್ವಾಡಿ ಅದ" ಅಂದಳು.

ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮ ಕಡೆ ಗಟ್ಟಿ ಮನೆ ಎಂದರೆ ದಪ್ಪ ಗೋಡೆಯ ಮನೆ. ಹೆಣ್ಣು ಕೊಡುವವರು ಬಂದರೂ ಗೋಡೆ ನೋಡುತ್ತಿದ್ದರಂತೆ. ಕಿಟಕಿಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕಾಲು ಮಡಚಿ ಕೂರಬಹುದಾದರೆ ಅದು ದೊಡ್ಡವರ ಮನೆ. ನಾನೂ ಆ ಕಟ್ಟೆಯ ಮೇಲೆ ಕೂತೇ ಮಗ್ಗಿ ಬಾಯಿಪಾಠ ಮಾಡಿದವನು. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಇಂಥ ಮನೆಯ ಬಗ್ಗೆ ಕೆಟ್ಟ ಮಾತು ಆಡಲು ಮನಸ್ಸು ಬರುವುದಿಲ್ಲ.

ಆದರೆ 1993 ನನಗೆ ನೆನಪಿದೆ.

ಆಗ ನಾಲ್ಕನೇ ಇಯತ್ತೆ. ಗಣಪತಿ ಕಳಿಸಿ ಬಂದು ಮಲಗಿದ್ದೆವು. ಬೆಳಗಿನ ಜಾವ ಅಡುಗೆಮನೆಯ ನಾಗೊಂದಿಗೆಯ ಮೇಲಿದ್ದ ಹಿತ್ತಾಳೆ ಬೋಗುಣಿಗಳು ಒಂದಕ್ಕೊಂದು ಬಡಿದುಕೊಂಡವು. ಬೆಕ್ಕು ಇರಬೇಕು ಎಂದು ಅಜ್ಜಿ ಮಲಗಿದಲ್ಲಿಂದಲೇ "ಹಚ್ಯಾ" ಅಂದಳು. ಆಮೇಲೆ ಮಾಳಿಗೆಯ ಸಂದಿನಿಂದ ಮಣ್ಣು ಉದುರಿತು. ನನ್ನ ಬಾಯಿಗೂ ಬಿತ್ತು. ಉಪ್ಪುಪ್ಪಾಗಿತ್ತು. ಕೊಟ್ಟಿಗೆಯಲ್ಲಿ ಎತ್ತು ಕಣ್ಣಿ ಜಗ್ಗುತ್ತಿದ್ದವು. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಓಡಿದ್ದು, ಓಣಿಯ ತುಂಬ ಜನ, ಯಾರೋ ಹನುಮಪ್ಪನ ಗುಡಿಯ ಗಂಟೆ ತಾನೇ ಬಡಿಯಿತು ಎಂದದ್ದು. ಅಷ್ಟು ನೆನಪು.

ಬೆಳಕು ಹರಿದ ಮೇಲೆ ರೇಡಿಯೋ ಕಿಲ್ಲಾರಿಯ ಹೆಸರು ಹೇಳಿತು. ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ, 6.2 ತೀವ್ರತೆ. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. ಕಿಲ್ಲಾರಿ, ಸಾಸ್ತೂರು ನಮಗೆ ಪರದೇಶವಲ್ಲ. ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತಂದು ಮಾಡುವ ಊರುಗಳು. ಅಲ್ಲಿನ ಮನೆಗಳೂ ನಮ್ಮಂಥವೇ: ಕರಿಕಲ್ಲು, ಮಣ್ಣಿನ ಗಾರೆ, ಮೇಲೆ ಮಣ್ಣಿನ ಮಾಳಿಗೆ. ಇಡೀ ಊರು ಎರಡು ವಾರ ಬಯಲಲ್ಲಿ ಮಲಗಿತು. ನಮಗೆ ಮಕ್ಕಳಿಗೆ ಅದೊಂದು ಜಾತ್ರೆ. ಆಮೇಲೆ ಎಲ್ಲರೂ ಒಳಗೆ ಹೋದರು. ಮುಂದಿನ ಬೇಸಿಗೆಗೆ ಪ್ರತಿ ವರ್ಷದ ಹಾಗೆ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿದರು.

ದೊಡ್ಡವನಾದ ಮೇಲೆ ಓದಿದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಕಿಲ್ಲಾರಿಯಲ್ಲಿ ಅದರ ಹಿಂದಿನ ವರ್ಷ, 1992ರ ಆಗಸ್ಟ್‌ನಿಂದ ಅಕ್ಟೋಬರ್ ತನಕ, ಸಣ್ಣ ಸಣ್ಣ ಕಂಪನಗಳಾಗಿದ್ದವು. ಜನ ಹೆದರಿದ್ದರು. ಆಮೇಲೆ ನಿಂತವು. ಸದ್ಯ ನಿಂತವು ಎಂದು ಎಲ್ಲರೂ ಸುಮ್ಮನಾದರು. ಸಣ್ಣ ಕಂಪನ ಆದಲ್ಲೆಲ್ಲ ದೊಡ್ಡದು ಬರುತ್ತದೆ ಅಂತ ಅಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಹಾಗೇ ಸದ್ದಡಗುತ್ತದೆ ಎನ್ನುವುದನ್ನು ನಾನೂ ನಂಬುತ್ತೇನೆ. ಆದರೆ ಗಡಿಕೇಶ್ವರದ ಸುದ್ದಿ ನೋಡಿದಾಗ ನನಗೆ ಬಾಯೊಳಗೆ ಆ ಉಪ್ಪು ಮಣ್ಣಿನ ರುಚಿ ಬಂತು. ಮನೆ ನೋಡಬೇಕು ಅನ್ನಿಸಿತು.

ನೋಡುವುದು ಅಂದರೆ ಏನನ್ನು? ನನಗೂ ಗೊತ್ತಿರಲಿಲ್ಲ. ಬಿರುಕು ನೋಡುವುದು ಅಂದುಕೊಂಡಿದ್ದೆ. ಹೊರಡುವ ಮುಂಚೆ ಎರಡು ವಾರ ರಾತ್ರಿ ಕೂತು ಓದಿದೆ. ಐಐಟಿ ಕಾನ್ಪುರ ಮತ್ತು ಕಟ್ಟಡ ಸಾಮಗ್ರಿಗಳ ಕೇಂದ್ರ ಸರ್ಕಾರಿ ಸಂಸ್ಥೆ ಬಿಎಂಟಿಪಿಸಿ ಸೇರಿ ಹೊರತಂದ ಭೂಕಂಪದ ಪುಟ್ಟ ಟಿಪ್ಪಣಿಗಳಿವೆ, ಒಂದೊಂದೂ ಎರಡೇ ಪುಟ. ಕಲ್ಲಿನ ಮನೆಗೇ ಒಂದು ಬೇರೆ ಟಿಪ್ಪಣಿ ಇದೆ. ಮಣ್ಣಿನ ಗಾರೆಯ ಕಟ್ಟಡಗಳಿಗೆ ಐಎಸ್ 13828, ಹಳೇ ಮನೆ ಬಲಪಡಿಸಲು ಐಎಸ್ 13935 ಎಂದು ಸರ್ಕಾರದ ಮಾನದಂಡಗಳೂ ಇವೆ. ಇಷ್ಟೆಲ್ಲ ನಮಗಾಗಿಯೇ ಬರೆದಿಟ್ಟಿದ್ದಾರೆ ಎಂದು ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೂ ನಲವತ್ತರ ಹತ್ತಿರ ಬಂದಾಗ ಗೊತ್ತಾಯಿತು.

ಊರಿಗೆ ಹೋಗಿ ಗೌಂಡಿ ಕಾಕಾನನ್ನು ಕರೆದೆ. ಅವರ ಅಪ್ಪನೇ ನಮ್ಮ ಮನೆಯ ಹಿಂದಿನ ಗೋಡೆ ಕಟ್ಟಿದವರು. ಎಪ್ಪತ್ತು ದಾಟಿದೆ. ಮೊದಲು ನಾನು ಬಿರುಕು ತೋರಿಸಿದೆ. ಅವರು ನೋಡಿ ತಲೆ ಅಲ್ಲಾಡಿಸಿದರು, ಅದು ಗಿಲಾವಿನ ಬಿರುಕು, ಬಿಡು ಅಂದರು. ಆಮೇಲೆ ಗೋಡೆಗೆ ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು, ಬಂಡಿಯ ಮೂಕಿ ನೆಟ್ಟಗಿದೆಯೋ ಎಂದು ನೋಡುವ ಹಾಗೆ. "ಇಲ್ಲಿ ನೋಡು. ಗ್ವಾಡಿ ಹೊಟ್ಟಿ ಬಿಟ್ಟದ" ಅಂದರು.

ಹೌದು. ದೇವರ ಕೋಣೆಯ ಹಿಂದಿನ ಗೋಡೆ ನಡುಮಟ್ಟದಲ್ಲಿ ನಾಲ್ಕು ಬೆರಳಷ್ಟು ಹೊರಗೆ ಉಬ್ಬಿತ್ತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಒಂದು ದಿನವೂ ಕಂಡಿರಲಿಲ್ಲ.

ಕಾಕಾ ಸುತ್ತಿಗೆಯ ಹಿಂಬದಿಯಿಂದ ಕುಟ್ಟುತ್ತಾ ಹೋದರು. ಕೆಲವು ಕಡೆ 'ಟಣ್' ಅನ್ನುತ್ತಿತ್ತು. ಉಬ್ಬಿದ ಕಡೆ 'ಡಬ್'. ಅಲ್ಲಿ ಅವರು ನಿಂತು ನನಗೂ ಕುಟ್ಟಲು ಕೊಟ್ಟರು. "ಇದು ಒಂದು ಗ್ವಾಡಿ ಅಲ್ಲೋ ತಮ್ಮಾ. ಎರಡು ಅದಾವ."

ಇದೇ ಆ ಎರಡೂವರೆ ಅಡಿಯ ಗುಟ್ಟು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಚಿಪ್ಪುಗಲ್ಲು, ಮಣ್ಣು, ಸಿಕ್ಕಿದ್ದೆಲ್ಲ. ಹೋಳಿಗೆಯ ಹಾಗೆ: ಮೇಲೆ ಕೆಳಗೆ ಕಣಕ, ನಡುವೆ ಹೂರಣ. ಮುಖದ ಕಲ್ಲು ಚೆಂದ ಕೆತ್ತಿದ್ದು, ಹೊರಗಿನಿಂದ ನೋಡಿದರೆ ಕೋಟೆ. ಆದರೆ ಹೊರಗಿನ ಸಾಲಿಗೂ ಒಳಗಿನ ಸಾಲಿಗೂ ಸಂಬಂಧವೇ ಇಲ್ಲ. ನೆಲ ಅಲುಗಿದಾಗ ನಡುವಿನ ಹೂರಣ ಕುಸಿದು ಎರಡನ್ನೂ ಆಚೆ ಈಚೆ ತಳ್ಳುತ್ತದೆ. ಗೋಡೆ ಸೀಳಿಕೊಳ್ಳುತ್ತದೆ. ಕಿಲ್ಲಾರಿಯಲ್ಲಿ ಆದದ್ದು ಅದೇ.

ಸೀಳದಂತೆ ಮಾಡಲು ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲುಗಳು ಬೇಕು. ಎತ್ತರದಲ್ಲಿ ಎರಡೆರಡು ಅಡಿಗೆ ಒಂದು ಸಾಲು, ಒಂದು ಸಾಲಿನಲ್ಲಿ ನಾಲ್ಕು ಅಡಿಗಿಂತ ದೂರ ಬಿಡದಂತೆ. ಟಿಪ್ಪಣಿಯಲ್ಲಿ ಹಾಗೆ ಬರೆದಿದೆ. ಕಾಕಾಗೆ ಹೇಳಿದೆ. ಅವರಿಗೆ ಗೊತ್ತಿತ್ತು! ಅವರಪ್ಪನ ಕಾಲದಲ್ಲಿ ಹಾಕುತ್ತಿದ್ದರಂತೆ. ಆಮೇಲೆ ಉದ್ದ ಕಲ್ಲು ತರುವುದು ದುಬಾರಿಯಾಯಿತು, ಎತ್ತಿ ಇಡಲು ನಾಲ್ಕು ಆಳು ಬೇಕು, ಮನೆಯವರು ಕೇಳಲಿಲ್ಲ, ಬಿಟ್ಟರು. ನಮ್ಮ ಹಿಂದಿನ ಗೋಡೆಯಲ್ಲಿ ಹುಡುಕಿ ಹುಡುಕಿ ಎರಡು ಸಿಕ್ಕವು. ಇನ್ನೊಂದು ಮಾತೂ ಬರೆದಿದೆ: ಕಲ್ಲಿನ ಗೋಡೆ 450 ಮಿಲಿಮೀಟರ್ ದಾಟಬಾರದು. ಅಂದರೆ ಒಂದೂವರೆ ಅಡಿ. ಅವ್ವನ ಹೆಮ್ಮೆಯ ಗೋಡೆ ಇಡೀ ಒಂದು ಅಡಿ ಜಾಸ್ತಿ. ದಪ್ಪವಾದಷ್ಟೂ ಹೂರಣ ಜಾಸ್ತಿ, ಅಷ್ಟೇ. ಇದನ್ನು ಅವ್ವನಿಗೆ ಹೇಳಲು ಧೈರ್ಯ ಬರಲಿಲ್ಲ.

ಮೂಲೆಗಳನ್ನು ನೋಡಿದೆವು. ಹಳೇ ಮನೆಯ ಮೂಲೆಗಳು ಪರವಾಗಿಲ್ಲ, ಎರಡೂ ಗೋಡೆಯ ಕಲ್ಲು ಕೈಬೆರಳು ಹೆಣೆದ ಹಾಗೆ ಸೇರಿವೆ. ತೊಂದರೆ ಇದ್ದದ್ದು ಅಪ್ಪ 1998ರಲ್ಲಿ ಕಟ್ಟಿಸಿದ ಕೋಣೆಯಲ್ಲಿ. ಅಕ್ಕನ ಮದುವೆಗೆ ಅವಸರದಲ್ಲಿ ಎಬ್ಬಿಸಿದ್ದು. ಇಟ್ಟಿಗೆ, ಸಿಮೆಂಟು, ಮೇಲೆ ಶಹಾಬಾದ ಫರಸಿ. ಮನೆಯವರೆಲ್ಲ ಅದನ್ನು 'ಹೊಸ ಕೋಣಿ, ಗಟ್ಟಿ ಕೋಣಿ' ಅನ್ನುತ್ತಾರೆ. ಅದರ ಗೋಡೆ ಹಳೇ ಗೋಡೆಗೆ ಸುಮ್ನೆ ಆತು ನಿಂತಿದೆ. ಹಲ್ಲು ಬಿಟ್ಟು ಕಟ್ಟಿಲ್ಲ. ಸೇರುವಲ್ಲಿ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೊಂದು ಗೆರೆ, ಪೋಸ್ಟ್‌ಕಾರ್ಡ್ ತೂರಿಸಿದರೆ ಒಳಗೆ ಹೋಯಿತು. ಫರಸಿಗಳು ಗೋಡೆಯ ಮೇಲೆ ಎರಡು ಇಂಚೂ ಕೂತಿಲ್ಲ. ಗೋಡೆ ಎರಡು ಇಂಚು ಸರಿದರೆ ಆ ಕಲ್ಲಿನ ಹಲಗೆಗಳು ಎಲ್ಲಿ ಬೀಳುತ್ತವೆ ಎಂದು ಲೆಕ್ಕ ಹಾಕಬೇಕಾಗಿಲ್ಲ. ನಾನು ಊರಿಗೆ ಬಂದಾಗ ಮಲಗುವುದು ಆ ಕೋಣೆಯಲ್ಲೇ.

ಇಡೀ ಮನೆಯಲ್ಲಿ ನನ್ನ ಮನಸ್ಸಿಗೆ ಸಮಾಧಾನ ಕೊಟ್ಟದ್ದು ಒಂದೇ, ಪಡಸಾಲೆಯ ಕಂಬಗಳು. ಬೇವಿನ ಆರು ಕಂಬ, ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಕಂಬಗಳೇ ಹೊತ್ತಿವೆ. ಕಿಲ್ಲಾರಿಯ ಕೆಲವು ಮನೆಗಳಲ್ಲಿ ಸುತ್ತಲ ಗೋಡೆ ಬಿದ್ದು ಹೋದರೂ ಇಂಥ ಮರದ ಚೌಕಟ್ಟು ನಿಂತೇ ಇತ್ತು. ಅದರ ಕೆಳಗಿದ್ದವರು ಬದುಕಿದರು. ಮರ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಕಾಕಾ ಸ್ಕ್ರೂಡ್ರೈವರ್ ಇಸಿದುಕೊಂಡು ಪ್ರತಿ ಕಂಬದ ಬುಡಕ್ಕೆ ಚುಚ್ಚಿದರು. ಐದು ಕಂಬಕ್ಕೆ ಮೊನೆ ಸಹ ಇಳಿಯಲಿಲ್ಲ. ಆರನೆಯದಕ್ಕೆ, ಬಚ್ಚಲ ಕಡೆಯದು, ಹಿಡಿಯ ತನಕ ಇಳಿಯಿತು. ಎಳೆದಾಗ ಒಳಗಿನಿಂದ ಗೆದ್ದಲಿನ ಪುಡಿ ಸುರಿಯಿತು, ರವೆ ಸುರಿದ ಹಾಗೆ. ಅವ್ವ ಮೊದಲ ಸಲ ಮಾತಾಡದೆ ನಿಂತಳು.

ಈಗ ಮಾಳಿಗೆಗೆ ಬರುತ್ತೇನೆ. ಮಾಳಿಗೆಯೇ ಈ ಕತೆಯ ಯಜಮಾನ.

ಮಣ್ಣಿನ ಮಾಳಿಗೆ ಹೇಗೆ ಮಾಡುತ್ತಾರೆಂದು ಬೆಂಗಳೂರು ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಜಂತಿಗಳ ಮೇಲೆ ಹಲಗೆ, ಹಲಗೆಯ ಮೇಲೆ ತೊಗರಿ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಉಪ್ಪಿನಂಶದ ಆ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಆದರೆ ಮಳೆಗೆ ಸ್ವಲ್ಪ ಕೊಚ್ಚಿ ಹೋಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೇ ಪ್ರತಿ ಬೇಸಿಗೆಯ ಕೊನೆಗೆ ಹೊಸದಾಗಿ ನಾಲ್ಕಾರು ಪುಟ್ಟಿ ಹಾಕುತ್ತಾರೆ. ಹಳೆಯದನ್ನು ತೆಗೆಯುವವರು ಯಾರೂ ಇಲ್ಲ. ಮುತ್ತಜ್ಜ ಹಾಕಿದ್ದು, ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು ಎಲ್ಲ ಅಲ್ಲೇ ಕೂತಿದೆ.

ಲೆಕ್ಕ ಹಾಕಿದೆವು. ಮಾಳಿಗೆ 30 ಅಡಿಗೆ 20 ಅಡಿ. ಅಂದರೆ 600 ಚದರಡಿ. ಒಂದೂವರೆ ಅಡಿ ದಪ್ಪಕ್ಕೆ 900 ಘನ ಅಡಿ. ನಮ್ಮ ಕಡೆ ಮರಳು ಮಣ್ಣನ್ನು ಬ್ರಾಸಿನಲ್ಲಿ ಅಳೆಯುತ್ತಾರೆ, 100 ಘನ ಅಡಿಗೆ ಒಂದು ಬ್ರಾಸ್. "ಒಂಬತ್ತು ಬ್ರಾಸ್!" ಎಂದು ಕಾಕಾ ತಾವೇ ಬೆರಗಾದರು. ಒಣ ಮಣ್ಣು ಘನ ಅಡಿಗೆ 45 ಕೆಜಿ ಹಿಡಿದರೂ 40 ಟನ್. ಮಳೆಗಾಲದಲ್ಲಿ ನೆನೆದಾಗ ಇನ್ನೂ ಜಾಸ್ತಿ. ತುಂಬಿದ ನಾಲ್ಕು ಲಾರಿ ನಮ್ಮ ಪಡಸಾಲೆಯ ಮೇಲೆ ನಿಂತಿವೆ ಅಂದುಕೊಳ್ಳಿ. ಅದರ ಕೆಳಗೆ ನಾವು ಉಂಡಿದ್ದೇವೆ, ಜಗಳ ಆಡಿದ್ದೇವೆ, ಮೂರು ಮದುವೆ ಮಾಡಿದ್ದೇವೆ.

ಭಾರ ಸುಮ್ನೆ ಕೂತಿರುವ ತನಕ ತೊಂದರೆ ಇಲ್ಲ. ನೂರು ವರ್ಷ ಕೂತಿದೆಯಲ್ಲ ಎಂದು ಅವ್ವ ಕೇಳುವುದೂ ಸರಿಯೇ. ಆದರೆ ತಲೆಯ ಮೇಲೆ ಜೋಳದ ಚೀಲ ಹೊತ್ತು ಚಾಪೆಯ ಮೇಲೆ ನಿಂತವನನ್ನು ನೆನೆಯಿರಿ. ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ. ಯಾರೋ ಚಾಪೆ ಎಳೆದರು. ಕಾಲು ಸರಿಯಿತು, ಚೀಲ ಇದ್ದಲ್ಲೇ ಇರಲು ನೋಡುತ್ತದೆ. ನಡುವೆ ಸೊಂಟ ಮುರಿಯುತ್ತದೆ. ಚೀಲ ಎಷ್ಟು ಭಾರವೋ ಸೊಂಟಕ್ಕೆ ಅಷ್ಟು ಪೆಟ್ಟು. ಭೂಕಂಪ ಅಂದರೆ ಮೇಲಿನಿಂದ ಏನೋ ಒತ್ತುವುದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಅದು ಅಡ್ಡ ಎಳೆಯುತ್ತದೆ. ಅದಕ್ಕೆ ಹೆದರಬೇಕಾದದ್ದು ತೆಳ್ಳಗಿನ ತಗಡಿನ ಶೆಡ್ಡಿಗಲ್ಲ, ಭಾರದ ಮನೆಗೆ. ಗಡಿಕೇಶ್ವರದಲ್ಲಿ ಜನ ಕಲ್ಲಿನ ಮನೆ ಬಿಟ್ಟು ತಗಡಿನ ಕೆಳಗೆ ಮಲಗಿದ್ದನ್ನು ನೋಡಿ ನಕ್ಕವರಿದ್ದಾರೆ. ಜನರೇ ಸರಿ.

ನಡುವೆ ಒಬ್ಬ ಪರಿಚಯದ ಕಂಟ್ರಾಕ್ಟರ್ ಬಂದು ನೋಡಿ ಹೋದ. ಒಳಗೂ ಬರಲಿಲ್ಲ, ಅಂಗಳದಲ್ಲೇ ನಿಂತು ಹೇಳಿದ: "ಮಣ್ಣು ತೆಗೆಸಿ, ಕಂಬ ಕಿತ್ತು ಹಾಕಿ, ಇದೇ ಗೋಡೆ ಮೇಲೆ ಸ್ಲ್ಯಾಬ್ ಹಾಕಿಬಿಡೋಣ ಸರ್. ನೂರು ವರ್ಷ ಚಿಂತೆ ಇಲ್ಲ." ನಮ್ಮೂರಲ್ಲಿ ಅರ್ಧ ಜನ ಹಾಗೇ ಮಾಡಿಸಿದ್ದಾರೆ. ಸ್ಲ್ಯಾಬ್ ಮಣ್ಣಿಗಿಂತ ಹಗುರವೇ, ಅದು ನಿಜ. ಆದರೆ ಇದ್ದ ಒಂದೇ ಒಳ್ಳೆಯ ವಸ್ತು ಎಂದರೆ ಆ ಮರದ ಚೌಕಟ್ಟು. ಅದನ್ನೇ ಕಿತ್ತು, ಭಾರವನ್ನೆಲ್ಲ ಹೊಟ್ಟೆ ಬಿಟ್ಟ ಗೋಡೆಯ ತಲೆಗೆ ಕಟ್ಟುವುದು ಯಾವ ಬುದ್ಧಿ? ಬೇಡ ಎಂದೆ. ಅವನಿಗೆ ಬೇಸರವಾಯಿತು.

ಇಲ್ಲಿ ನನ್ನ ಬೆಂಗಳೂರಿನ ಮನೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅವ್ವನ ಮನೆಯ ಕಂಬಕ್ಕೆ ಚುಚ್ಚಿ ನೋಡಿದ ನಾನು ಇರುವುದು ಐದು ಮಹಡಿಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಕೆಳಗೆ ಪೂರ್ತಿ ಪಾರ್ಕಿಂಗ್. ಗೋಡೆ ಇಲ್ಲ, ಬರೀ ಕಂಬ. ಮೇಲೆ ಭಾರ, ಕೆಳಗೆ ಬೋಳು ಕಾಲು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಎಷ್ಟೋ ಕಟ್ಟಡಗಳು ಇಂಥವೇ. ಕೊಳ್ಳುವಾಗ ನಾನು ಕೇಳಿದ್ದು ಎರಡೇ ಪ್ರಶ್ನೆ, ಕಾವೇರಿ ನೀರು ಇದೆಯಾ, ಪಾರ್ಕಿಂಗ್ ಎಷ್ಟು ಕಾರಿಗೆ. ಊರಿಂದ ಬಂದ ಮೇಲೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಕಟ್ಟಡದ ನಕ್ಷೆ ಕೇಳಿದೆ. ಲಿಫ್ಟಿನ ಚರ್ಚೆ ಮುಗಿಯಲಿ ಸರ್ ಅಂದರು. ಅದು ಇನ್ನೂ ಮುಗಿದಿಲ್ಲ.

ಬೆಂಗಳೂರು ಕಡಿಮೆ ಅಪಾಯದ ವಲಯದಲ್ಲಿದೆ ಎಂದು ನೀವು ಹೇಳಬಹುದು. ನಿಜ. ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ದಖನ್ ಎಂದರೆ ಗಟ್ಟಿ ನೆಲ ಎಂದು ಶಾಲೆಯಲ್ಲಿ ಕಲಿತಿದ್ದೆವು. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದಾಗಲೇ ಆ ಮಾತಿಗೆ ಪೆಟ್ಟು ಬಿದ್ದಿತ್ತು. 2002ರಲ್ಲಿ ನಕ್ಷೆ ತಿದ್ದಿ ಒಂದನೇ ವಲಯ ಅನ್ನುವುದನ್ನೇ ತೆಗೆದು ಹಾಕಿದರು. ಲಾತೂರು ಮೂರನೇ ವಲಯಕ್ಕೆ ಹೋಯಿತು. ಸತ್ತವರು ಸತ್ತ ಮೇಲೆ.

ಮತ್ತೆ ಊರಿಗೆ. ಗೋಡೆ, ಮಾಳಿಗೆ ಎಲ್ಲ ನಾಳೆ ರಿಪೇರಿ ಆಗುವಂಥದ್ದಲ್ಲ. ಆ ರಾತ್ರಿಯೇ ಮಾಡಬಹುದಾದದ್ದು ಏನು ಎಂದು ನೋಡಿದೆವು. ಉಂಡ ಮೇಲೆ ದೀಪ ಆರಿಸಿ, ಅವ್ವನಿಗೆ ಮಂಚದಲ್ಲಿ ಮಲಗಲು ಹೇಳಿದೆ. "ಈಗ ಭೂಮಿ ನಡುಗ್ತು. ಹೊರಗ ಹೋಗು" ಅಂದೆ. ಅಣ್ಣನ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು. ಅವ್ವ ಎದ್ದಳು. ಮೊದಲು ಚಪ್ಪಲಿ ಹುಡುಕಿದಳು. ಆಮೇಲೆ ಕನ್ನಡಕ. ಆಮೇಲೆ, ನನಗೆ ಗೊತ್ತೇ ಇರಲಿಲ್ಲ, ದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದಳು. ಕಳ್ಳರ ಭಯಕ್ಕೆ ತಲಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಅದಕ್ಕೆ ಬೀಗವನ್ನೂ ಹಾಕುತ್ತಾಳೆ! ಬಾಗಿಲಿನ ಪಕ್ಕ ತಿಜೋರಿ, ತಿಜೋರಿಯ ಮೇಲೆ ಎರಡು ಟ್ರಂಕು. ಎಲ್ಲ ದಾಟಿ ಅಂಗಳಕ್ಕೆ ಬರುವಾಗ ನನ್ನ ಫೋನಿನಲ್ಲಿ ಒಂದು ನಿಮಿಷ ಐವತ್ತು ಸೆಕೆಂಡು. ಬಲವಾದ ಕಂಪನ ಅರ್ಧ ನಿಮಿಷದಲ್ಲಿ ತನ್ನ ಕೆಲಸ ಮುಗಿಸಿ ಹೋಗಿರುತ್ತದೆ.

ಅಂಗಳಕ್ಕೆ ಬಂದರೂ ಮುಗಿಯಲಿಲ್ಲ. ನಮ್ಮ ಓಣಿ ಎಂಟು ಅಡಿ ಅಗಲ, ಎರಡೂ ಕಡೆ ಹತ್ತಡಿ ಎತ್ತರದ ಕಲ್ಲಿನ ಗೋಡೆ. ಭುಜ್ ಭೂಕಂಪದ ದಿನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳು ಮನೆಯೊಳಗೆ ಇರಲಿಲ್ಲ. ಇಕ್ಕಟ್ಟಾದ ಓಣಿಯಲ್ಲಿದ್ದರು. ಎರಡೂ ಕಡೆಯ ಕಟ್ಟಡಗಳು ಅವರ ಮೇಲೆ ಬಿದ್ದವು. ಮೇಜಿನ ಕೆಳಗೆ ನುಗ್ಗಿ ಗಟ್ಟಿಯಾಗಿ ಹಿಡಿದುಕೋ ಎನ್ನುವುದು ಕಾಂಕ್ರೀಟ್ ಚೌಕಟ್ಟಿನ ಗಟ್ಟಿ ಮನೆಗಳಿಗೆ ಒಳ್ಳೆಯ ಮಾತು. 40 ಟನ್ ಮಣ್ಣಿನ ಕೆಳಗೆ ಯಾವ ಮೇಜು? ಇಲ್ಲಿ ಬಾಗಿಲ ಹತ್ತಿರ ಇದ್ದವರು ಬಯಲಿಗೆ ಬರುವುದೇ ವಾಸಿ. ಆದರೆ ಬಯಲು ಅಂದರೆ ನಿಜವಾಗಿ ಬಯಲಿರಬೇಕು. ನಮಗೆ ಹಿತ್ತಿಲು ಇದೆ, ಸೀತಾಫಲದ ಗಿಡದ ಹತ್ತಿರ. ಅದಕ್ಕೆ ಬಾಗಿಲಿದೆ. ಆ ಬಾಗಿಲಿನ ಮುಂದೆ ಹತ್ತು ವರ್ಷದಿಂದ ಜೋಳದ ಚೀಲ ಒಟ್ಟಿದ್ದೆವು.

ಚೀಲ ಎತ್ತಿದೆವು. ಟ್ರಂಕು ಕೆಳಗಿಳಿಸಿದೆವು. ತಿಜೋರಿಯನ್ನು ಬಾಗಿಲಿನಿಂದ ದೂರ ಸರಿಸಿ, ಹಿಂದೆ ಎರಡು ಕೋನಪಟ್ಟಿ ಹಾಕಿ ಮರದ ಕಂಬಕ್ಕೆ ಬಿಗಿದೆವು. ನಾಗೊಂದಿಗೆಯ ಹಿತ್ತಾಳೆ ಬೋಗುಣಿಗಳನ್ನು ಕೆಳಗೆ ಇಡಲು ಅವ್ವ ಒಪ್ಪಲಿಲ್ಲ. ಅವು ಬೀಳುವುದಿಲ್ಲವಂತೆ, ಆವಾಗಲೂ ಬಿದ್ದಿರಲಿಲ್ಲವಂತೆ. ಅದೊಂದು ಬಿಟ್ಟೆ. ಗ್ಯಾಸ್ ಸಿಲಿಂಡರಿಗೆ ಎಮ್ಮೆ ಕಟ್ಟುವ ಸರಪಳಿ ಹಾಕಿ ಗೂಟಕ್ಕೆ ಕಟ್ಟಿದೆವು. ಅಣ್ಣನ ಐಡಿಯಾ, ಚೆನ್ನಾಗಿಯೇ ಇದೆ. ಮಂಚವನ್ನು ಹೊಟ್ಟೆ ಬಿಟ್ಟ ಗೋಡೆಯ ಪಕ್ಕದಿಂದ ಎಳೆದು ಪಡಸಾಲೆಯ ನಾಲ್ಕು ಗಟ್ಟಿ ಕಂಬಗಳ ನಡುವೆ, ಹಿತ್ತಿಲ ಬಾಗಿಲಿಗೆ ಕಾಲು ಮಾಡಿ ಹಾಕಿದೆವು. ದೇವರ ಕೋಣೆ ಕಾಣುವುದಿಲ್ಲ ಎಂದು ಅವ್ವ ಎರಡು ದಿನ ಮುನಿಸಿಕೊಂಡಳು. ಬೀಗದ ಬದಲು ಒಳಗಿನಿಂದ ಒಂದೇ ಎಳೆತಕ್ಕೆ ಬರುವ ಚಿಲಕ ಹಾಕಿಸಿದೆ. ಮತ್ತೊಂದು ಸಲ ನಡೆಸಿ ನೋಡಿದಾಗ ಇಪ್ಪತ್ತೆರಡು ಸೆಕೆಂಡು. ಎಪ್ಪತ್ತರ ಮುದುಕಿಗೆ ಸಾಕು. ಅವ್ವನಿಗೇ ಆಟ ಹಿಡಿಸಿ ಮೂರನೇ ಸಲ ತಾನೇ ಓಡಿದಳು.

ಗೋಡೆಯ ಕೆಲಸ ಬೇಸಿಗೆಯಲ್ಲಿ ಆಯಿತು. ಓದಿದ್ದನ್ನು ತೋರಿಸಿದರೆ ಕಾಕಾ ಮೊದಲು ನಂಬಲಿಲ್ಲ. ಗೋಡೆಯಲ್ಲಿ ಒಂದು ಕಲ್ಲು ಮೆಲ್ಲಗೆ ಬಿಚ್ಚಿ, ಆ ಮುಖದ ತನಕ ಕೈ ತೂರುವಷ್ಟು ತೂತು ಮಾಡಿ, 8 ಮಿಲಿಮೀಟರಿನ ಕಬ್ಬಿಣದ ಸರಳನ್ನು ಎರಡೂ ತುದಿ ಕೊಕ್ಕೆ ಬಗ್ಗಿಸಿ ಒಳಗಿಟ್ಟು, ಕಾಂಕ್ರೀಟ್ ತುಂಬುವುದು. ಒಣಗಿದ ಮೇಲೆ ಅದೇ ಉದ್ದ ಕಲ್ಲಾಗುತ್ತದೆ. ಕಿಲ್ಲಾರಿಯ ನಂತರ ಮರಾಠವಾಡದ ಹಳ್ಳಿಗಳಲ್ಲಿ ನಿಂತಿದ್ದ ಮನೆಗಳಿಗೆ ಹೀಗೆ ಮಾಡಿಸಿದ್ದರು. ಮೊದಲನೆಯದಕ್ಕೆ ಒಂದು ದಿನ ಹಿಡಿಯಿತು. ಮೂರನೆಯ ದಿನದಿಂದ ಕಾಕಾ ದಿನಕ್ಕೆ ಆರು ಮಾಡತೊಡಗಿದರು. ಹೊಟ್ಟೆ ಬಿಟ್ಟ ಭಾಗವನ್ನು ಮಾತ್ರ ಬಿಚ್ಚಿ ಹೊಸದಾಗಿ ಕಟ್ಟಿದರು. ಬಾಗಿಲ ತಲೆಯ ಮೇಲಿನ ಮಟ್ಟದಲ್ಲಿ ಇಡೀ ಮನೆಯ ಸುತ್ತ ವೆಲ್ಡ್ ಮೆಶ್ ಎಂಬ ಕಬ್ಬಿಣದ ಜಾಲರಿ ಹೊಡೆದು ಸಿಮೆಂಟ್ ಗಿಲಾವು ಮಾಡಿದೆವು, ಗೋಡೆಗಳಿಗೆಲ್ಲ ಸೇರಿಸಿ ಒಂದು ಉಡಿದಾರ ಕಟ್ಟಿದ ಹಾಗೆ. ಹೊಸ ಕೋಣೆಯ ಆ ಗೆರೆಯ ಮೇಲೂ ಮೆಶ್ ಹೋಯಿತು. ಕಂಬಕ್ಕೂ ತೊಲೆಗೂ ಓರೆಯಾಗಿ ಮರದ ತುಂಡು ಬಡಿದರು. ಆರನೇ ಕಂಬ ಬದಲಾಯಿತು.

ಫರಸಿಗೆ ಏನು ಮಾಡುವುದೋ ಇನ್ನೂ ತೀರ್ಮಾನ ಆಗಿಲ್ಲ. ದುಡ್ಡು ಮುಗಿಯಿತು. ಈಗ ಊರಿಗೆ ಹೋದರೆ ನಾನೂ ಪಡಸಾಲೆಯಲ್ಲೇ ಮಲಗುತ್ತೇನೆ.

ಕೊನೆಗೆ ಮಾಳಿಗೆ. ಎಂಟು ಇಂಚು ಉಳಿಸಿ ಮಿಕ್ಕದ್ದು ತೆಗೆಯುವುದು, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಸೋರದಂತೆ ಮಾಡುವುದು ಎಂದಾಯಿತು. ನಾಲ್ಕು ಆಳು, ಸಲಿಕೆ, ಪುಟ್ಟಿ. ಕೆರೆದ ಹಾಗೆಲ್ಲ ಮಣ್ಣಿನ ಬಣ್ಣ ಬದಲಾಗುತ್ತಿತ್ತು, ಬಿಳಿ, ಬೂದಿ, ಮತ್ತೆ ಬಿಳಿ. ಒಂದು ಕಡೆ ನನ್ನ ಗೋಲಿ ಸಿಕ್ಕಿತು. ಮೂರು ದಿನದಲ್ಲಿ ಐದು ಬ್ರಾಸ್ ಮಣ್ಣು ಅಂಗಳಕ್ಕೆ ಬಂತು. ಅಂಗಳದ ಹಳೇ ಹಗೇವು, ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ, ತುಂಬಿಸಿದೆವು. ಅದಾಗಿ ಉಳಿದದ್ದೇ ಒಂದು ಗುಡ್ಡ. ಸವಳು ಮಣ್ಣು, ಹೊಲಕ್ಕೆ ಹಾಕುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಬಂದರೆ ಗುಡ್ಡ ಅರ್ಧ ಆಗಿತ್ತು. ಪಕ್ಕದ ಮನೆಯ ದೊಡ್ಡಪ್ಪ ಇಬ್ಬರು ಆಳು ಕಟ್ಟಿಕೊಂಡು ಪುಟ್ಟಿಯಲ್ಲಿ ಹೊರಿಸುತ್ತಿದ್ದರು. ನನ್ನನ್ನು ನೋಡಿ ನಕ್ಕರು.

"ನಿಮ್ಮವ್ವಗ ಕೇಳೀನಪಾ. ಒಯ್ಯಿ ಅಂದಾಳ. ಛಲೋ ಸವಳು ಮಣ್ಣು, ಈಗ ಎಲ್ಲಿ ಸಿಗ್ತದ? ಮಳಿಗಾಲ ಬಂತು, ನಮ್ಮ ಮಾಳಗಿ ಭಾಳ ಸೋರ್ಲಾಕತ್ತದ."

ನಾನು ಅವರ ಮಾಳಿಗೆಯ ಕಡೆ ನೋಡಿದೆ. ಒಬ್ಬ ಆಳು ಆಗಲೇ ಏಣಿ ಹತ್ತಿ ಮೇಲೆ ನಿಂತಿದ್ದ. ಹೇಳಲು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯಲಿಲ್ಲ. ಅವ್ವ ಒಳಗಿನಿಂದ ಎರಡು ಕಪ್ಪು ಚಹಾ ತಂದಳು, ಒಂದು ನನಗೆ, ಒಂದು ದೊಡ್ಡಪ್ಪನಿಗೆ. ನಾನು ಚಹಾ ಹಿಡಿದುಕೊಂಡು ಅವರ ಜೊತೆ ಅವರ ಮನೆಗೆ ನಡೆದೆ. ಟೇಪು ಜೇಬಿನಲ್ಲೇ ಇತ್ತು.